ಇಡ್ಲಿ ಗಟ್ಟಿಯಾದ ಬೆಳಗುಗಳು

ಇದನ್ನು ಬರೆಯಲು ಕೂತಾಗ ಅತ್ತೆ ಅಡಿಗೆಮನೆಯಿಂದ ಕೇಳಿದರು, "ಎಂತ ಶಾರದೆ, ನಿನ್ನಷ್ಟಕ್ಕೇ ನಗುದು?"

"ನಮ್ಮ ಇಡ್ಲಿಯ ಕತೆ ಬರೆಯುದು ಅತ್ತೆ" ಅಂದೆ.

ಅವರಿಗೆ ಕೂಡಲೇ ಗೊತ್ತಾಯಿತು. ಸೌಟು ಕೆಳಗಿಟ್ಟು ಬಾಗಿಲಿಗೆ ಬಂದರು. "ನನ್ನನ್ನು ತೀರಾ ಕೆಟ್ಟವಳು ಮಾಡಬೇಡ, ಆಯ್ತಾ?" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಬರಿ, ಬರಿ. ನಮ್ಮ ಹಾಗೆ ಎಷ್ಟು ಮನೆ ಉಂಟೋ" ಎನ್ನುತ್ತಾ ಒಳಗೆ ಹೋದರು. ಅತ್ತೆಯ ಅಪ್ಪಣೆಯೇ ಸಿಕ್ಕಿದ ಮೇಲೆ ಇನ್ನು ಯಾರ ಹೆದರಿಕೆ? ದೇವರ ದಯೆಯಿಂದ ಗುಣವಾಗಿ ಕೂತಿದ್ದೇನೆ, ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ನಮ್ಮದು ಕಬಕದಲ್ಲಿ, ವಿಟ್ಲದ ರಸ್ತೆ ಬಂದು ಸೇರುವ ಕಡೆ, ಒಂದು ಸಣ್ಣ ಹೊಟೇಲು. ಹಿಂದಿನ ಭಾಗದಲ್ಲೇ ಮನೆ. ನಯೇ ಪೈಸೆ ಹೊಸದಾಗಿ ಬಂದು, ಗಿರಾಕಿಗಳು ಆಣೆಯ ಲೆಕ್ಕ ಬಿಡದೆ ನಮ್ಮವರ ತಲೆ ತಿನ್ನುತ್ತಿದ್ದ ಕಾಲ ಅದು. ಬೆಳಗಿನ ಮೊದಲ ಬಸ್ಸಿನ ಡ್ರೈವರು, ಕಂಡಕ್ಟರು, ಪುತ್ತೂರಿಗೆ ಹೋಗುವ ಮೇಷ್ಟ್ರುಗಳು ಎಲ್ಲರೂ ನಮ್ಮ ಇಡ್ಲಿ ತಿಂದೇ ಮುಂದೆ ಹೋಗುವವರು. ಆ ಇಡ್ಲಿಯ ಹಿಟ್ಟು ಹಿಂದಿನ ದಿನ ಸಂಜೆ ನನ್ನ ಕೈಯಿಂದ ಆಗುತ್ತಿತ್ತು. ಕಡೆಯುವ ಕಲ್ಲಿನಲ್ಲಿ ಉದ್ದು ಬೆಣ್ಣೆಯ ಹಾಗೆ ಬರುವ ತನಕ ನಾನು ಏಳುತ್ತಿರಲಿಲ್ಲ. ನಾನು ಹೊರಗೆ ಕೂತ ದಿನಗಳಲ್ಲಿ ಮಾತ್ರ ಅತ್ತೆ ಕಡೆಯುತ್ತಿದ್ದರು. ಅವರಿಗೆ ಬಲದ ಭುಜ ನೋವು, ಉದ್ದು ತರಿ ಉಳಿಯುತ್ತಿತ್ತು. ಮರುದಿನ ಇಡ್ಲಿ ಗಟ್ಟಿ.

ಹೊರಗೆ ಕೂರುವುದು ಅಂದರೆ ನಮ್ಮಂಥವರ ಮನೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ರಕ್ತ ಕಂಡಿತೋ, ಮೂರು ದಿನ ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ದೇವರ ಕೋಣೆ ಇಲ್ಲ, ಅಡಿಗೆಮನೆ ಇಲ್ಲ, ಕಡೆಯುವ ಕಲ್ಲು ಮುಟ್ಟುವ ಹಾಗಿಲ್ಲ. ನಾಲ್ಕನೆಯ ದಿನ ಮಿಂದು ಒಳಗೆ. ತಿಂಗಳಿಗೊಮ್ಮೆಯ ಆ ವಿಶ್ರಾಂತಿ ನನಗೆ ಬೇಸರವೂ ಆಗಿರಲಿಲ್ಲ.

ಮಗಳು ಗೌರಿ ಮೊಲೆ ಬಿಟ್ಟ ಮೇಲೆ ಶುರುವಾಯಿತು ನನ್ನ ತೊಂದರೆ. ನಾವು ಗಂಡ ಹೆಂಡತಿ ಸೇರಿದ ಮರುದಿನ ಬೆಳಿಗ್ಗೆ ಸೀರೆಯಲ್ಲಿ ರಕ್ತದ ಕಲೆ, ಕಿಬ್ಬೊಟ್ಟೆಯಲ್ಲಿ ನೋವು. ತಿಂಗಳ ಹೊತ್ತು ಅಲ್ಲ, ಏನಲ್ಲ. ಮೊದಲ ಸಲ ಏನೋ ಆಯಿತು ಅಂದುಕೊಂಡೆ. ಎರಡನೆಯ ಸಲವೂ ಹಾಗೆಯೇ. ಯಾರಿಗೂ ಹೇಳದೆ ಮಿಂದು ಒಳಗೆ ಹೋಗಬಹುದಿತ್ತು. ಆದರೆ ದಿನಾ ದೇವರ ದೀಪ ಹಚ್ಚುವವಳು ನಾನು. ಮೈಮೇಲೆ ಕಲೆ ಇಟ್ಟುಕೊಂಡು ಬತ್ತಿ ಮುಟ್ಟಲು ಕೈ ಬರಲಿಲ್ಲ. ಚಾಪೆ ತೆಗೆದುಕೊಂಡು ಹೊರಗೆ ಕೂತೆ.

ಇದರ ಪಜೀತಿ ಎಂತ ಅಂತ ಯೋಚಿಸಿ ನೋಡಿ! ಉಳಿದವರ ಮನೆಯಲ್ಲಿ ಗಂಡ ಹೆಂಡಿರ ವಿಷಯ ನಾಲ್ಕು ಗೋಡೆಗೆ ಮಾತ್ರ ಗೊತ್ತು. ನಮ್ಮದು ಬೆಳಗಾದರೆ ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತಿತ್ತು. ಅತ್ತೆಗೆ ಗೊತ್ತು. ಅದರ ಮರುದಿನ ಇಡ್ಲಿ ತಿಂದವರ ಹಲ್ಲಿಗೂ ಗೊತ್ತು. ಒಬ್ಬ ಡ್ರೈವರು ಒಂದು ದಿನ ಇಡ್ಲಿಯನ್ನು ತಟ್ಟೆಗೆ ಕುಟ್ಟಿ ತೋರಿಸಿ, "ಎಂತ ಭಟ್ರೆ, ಪುನಃ ಗಟ್ಟಿ? ಈ ತಿಂಗಳು ಎಷ್ಟು ಸಲ ಮಾರಾಯ್ರೆ?" ಎಂದನಂತೆ. ಇಡೀ ಹೊಟೇಲು ನಕ್ಕಿತಂತೆ. ಅವನಿಗೆ ಒಳಗಿನ ಸಂಗತಿ ಏನೂ ಗೊತ್ತಿರಲಿಲ್ಲ, ಪಾಪ. ಆದರೆ ನಮ್ಮವರಿಗೆ ಗೊತ್ತಿತ್ತಲ್ಲ! ಅವತ್ತು ಅವರು ಊಟಕ್ಕೆ ಒಳಗೆ ಬಂದವರು ನನ್ನ ಮುಖ ನೋಡಲಿಲ್ಲ.

ಆಮೇಲಿನಿಂದ ಅವರು ಹೊಟೇಲಿನ ಬೆಂಚಿನ ಮೇಲೆಯೇ ಮಲಗತೊಡಗಿದರು. "ಬೆಳಿಗ್ಗೆ ಬೇಗ ಒಲೆ ಹಚ್ಚಬೇಕು" ಎಂಬ ನೆವ. ನನ್ನ ಮನಸ್ಸಿನಲ್ಲಿ, ಇವರಿಗೆ ನಾನು ಬೇಡವಾದೆ ಎಂದು. ಅವರ ಮನಸ್ಸಿನಲ್ಲಿ, ನಾನು ಮುಟ್ಟಿದರೆ ಇವಳಿಗೆ ರಕ್ತ ಬರುತ್ತದೆ ಎಂದು. ಇಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ಹೊಟ್ಟೆ ಉರಿ ಶುರುವಾಯಿತು, ಯಾವಾಗ ನೋಡಿದರೂ ಮಜ್ಜಿಗೆ ಕುಡಿಯುವುದು. ಗಿರಾಕಿಗಳ ಮೇಲೆ ರೇಗುವುದು. ಹಿಂದೆ ಸಾಂಬಾರು ಕೊಂಡುಹೋಗಲು ಒಳಗೆ ಬಂದಾಗೆಲ್ಲ ಒಂದು ತಮಾಷೆ ಮಾಡದೆ ಹೋಗುತ್ತಿರಲಿಲ್ಲ, ಈಗ ಪಾತ್ರೆ ಎತ್ತಿಕೊಂಡು ಹೋದದ್ದೇ. ಗೌರಿಯಂತೂ ಜಗಲಿಯ ಮೆಟ್ಟಿಲಲ್ಲಿ ನಿಂತು, "ಅಮ್ಮ, ಇವತ್ತು ಮುಟ್ಟಬಹುದಾ?" ಎಂದು ಕೇಳಿಯೇ ಹತ್ತಿರ ಬರುತ್ತಿದ್ದಳು.

ಅತ್ತೆ ಸುಮ್ಮನೆ ಕೂರುವವರಲ್ಲ. ಕಷಾಯ ಆಯಿತು, ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಯ ಹರಕೆಯೂ ಆಯಿತು. ಹರಕೆ ತೀರುವ ತನಕ ಗಂಡ ಹೆಂಡತಿ ವ್ರತದಲ್ಲಿರಬೇಕು ಎಂದರು. ನಮಗಿಬ್ಬರಿಗೂ ಒಳಗೊಳಗೇ ಸಮಾಧಾನ, ದೂರ ಇರಲು ದೇವರೇ ಒಂದು ಕಾರಣ ಕೊಟ್ಟ ಎಂದು. ಆ ಅಷ್ಟೂ ಕಾಲ ನನಗೆ ಒಂದು ಹನಿ ರಕ್ತ ಅಕಾಲದಲ್ಲಿ ಹೋಗಲಿಲ್ಲ. ಬಲಿ ಆಯಿತು, ಪ್ರಸಾದ ಬಂತು, ಅತ್ತೆ ನೆರೆಕರೆಗೆಲ್ಲ ಹಂಚಿ, "ನೋಡಿ, ಗುಣ ಆಯ್ತು!" ಎಂದರು. ವ್ರತ ಮುಗಿಯಿತು, ನಮ್ಮವರು ಬೆಂಚು ಬಿಟ್ಟು ಒಳಗೆ ಮಲಗಿದರು. ಮುಗಿದ ಮರುದಿನ ನಾನು ಪುನಃ ಚಾಪೆ ಹಿಡಿದು ಹೊರಗೆ.

ಅತ್ತೆ ಅಳುತ್ತಾ ಜೋಯಿಸರ ಹತ್ತಿರ ಹೋದರು. ಅವರು ಕವಡೆ ಇಟ್ಟು ನೋಡಿ, ಈ ಇಬ್ಬರ ಕೂಟ ಆಗದು, ಜೊತೆಗಿದ್ದರೆ ಸೊಸೆ ಬಾಡುತ್ತಾಳೆ, ದೂರ ಇದ್ದರೆ ಉಳಿಯುತ್ತಾಳೆ ಎಂದರಂತೆ. ನಾವು ಹೇಗೆ ಅಲ್ಲ ಎನ್ನುವುದು? ದೂರ ಇದ್ದಾಗ ರಕ್ತ ಇಲ್ಲ, ಹತ್ತಿರ ಬಂದಾಗ ಉಂಟು. ಕಣ್ಣೆದುರೇ ನೋಡಿದ್ದೇವೆ! ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ನಾವೆಲ್ಲ ಮೋಸ ಹೋದದ್ದು. ರೋಗ ಇರುವುದು ಮೈಯ ಒಂದು ಚೂರಿನಲ್ಲಿ ಎಂದು ಯಾರಿಗೂ ಹೊಳೆಯಲಿಲ್ಲ, ಇರುವುದು ಜೋಡಿಯಲ್ಲಿ ಎಂದು ತಿಳಿದೆವು.

ನನ್ನನ್ನು ಆಲೆಟ್ಟಿಯ ತವರಿಗೆ ಕಳಿಸುವುದೆಂದು ಆಯಿತು.

"ಎಷ್ಟು ದಿನಕ್ಕೆ ಅತ್ತೆ?"

"ದಿನ ಎಂತ ಹೇಳುದು ನಾನು? ನೀನು ಬದುಕಿ ಉಳಿಯಬೇಕು ಮಗಾ." ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. "ಗೌರಿ ಇಲ್ಲೇ ಇರಲಿ. ಮಗುವನ್ನು ನೋಡಿ ಅವನಿಗೂ ಸಮಾಧಾನ ಬೇಕಲ್ಲ."

ಆಗ ನನಗೆ ಅರ್ಥವಾಯಿತು. ಹೀಗೆ ತವರಿಗೆ ಹೋದವರು ಮದುವೆ ಮುಂಜಿಗೆ ನೆಂಟರ ಹಾಗೆ ಬಂದು ಹೋಗುವುದನ್ನು ನಾನು ನೋಡಿದ್ದೇನೆ. ಆ ಜಾಗಕ್ಕೆ ಇನ್ನೊಬ್ಬಳು ಬಂದಿರುತ್ತಾಳೆ.

ಹೊರಡುವ ದಿನ ನಮ್ಮವರೇ ಜೊತೆಗೆ ಬಂದರು. ಕಬಕದಿಂದ ಪುತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಸುಳ್ಯದ ಕಡೆಗೆ ಇನ್ನೊಂದು. ಪುತ್ತೂರಿನಲ್ಲಿ ಸುಳ್ಯದ ಬಸ್ಸು ನಿಂತಿತ್ತು, ಡ್ರೈವರು ಚಾ ಕುಡಿಯಲು ಹೋಗಿದ್ದ. ನನ್ನ ಕಬ್ಬಿಣದ ಪೆಟ್ಟಿಗೆಯನ್ನು ಮೇಲೆ ಹಾಕಿ ಹಗ್ಗ ಬಿಗಿದದ್ದೂ ಆಯಿತು. ಆಗ ಒಂದು ಹೆಂಗಸು ಸೆರಗಿನಲ್ಲಿ ಎಳೆಮಗುವನ್ನು ಸುತ್ತಿಕೊಂಡು, ಗಂಡನ ಹಿಂದೆ ನಿಧಾನವಾಗಿ ನಡೆದು ಬಂದಳು. ಹೆರಿಗೆ ನೋಡುವ ಡಾಕ್ಟ್ರಮ್ಮ ಇರುವ ಆಸ್ಪತ್ರೆಯ ಕಡೆಯಿಂದ. ನನಗೆ ಏನು ಧೈರ್ಯ ಬಂತೋ, ದೇವರೇ ನಾಲಗೆಯಲ್ಲಿ ಕೂತನೋ!

"ಕೇಳಿತಾ? ಬಸ್ಸು ಹೊರಡಲು ಹೊತ್ತುಂಟು. ಅಷ್ಟರೊಳಗೆ ಡಾಕ್ಟ್ರಮ್ಮನಿಗೆ ತೋರಿಸಿ ಬರುವ."

"ಈಗಲಾ? ಪೆಟ್ಟಿಗೆ ಮೇಲೆ ಹಾಕಿ ಆಯ್ತಲ್ಲ."

"ಪೆಟ್ಟಿಗೆಗೆ ರೋಗ ಇಲ್ಲ. ನನಗೆ ಉಂಟು."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಎಷ್ಟು ಕಾಲದ ಮೇಲೆ ನೋಡಿದ್ದು! "ಬಾ" ಎಂದರು, ಅಷ್ಟೇ.

ಆಸ್ಪತ್ರೆಯ ಜಗಲಿಯಲ್ಲಿ ಬೆಂಚು ತುಂಬ ಹೆಂಗಸರು. ಗಂಡಸರೆಲ್ಲ ಹೊರಗೆ ಹಲಸಿನ ಮರದ ಅಡಿಯಲ್ಲಿ. ನನಗೆ ಜಾಗ ಬಿಟ್ಟುಕೊಟ್ಟವಳು ಒಬ್ಬಳು ಬ್ಯಾರಿ ಹೆಂಗಸು, ಐಸಮ್ಮ ಎಂದು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಎಂತ ತೊಂದರೆ ಅಮ್ಮ?" ಎಂದಳು.

"ರಕ್ತ ಹೋಗುದು."

"ಯಾವಾಗ?"

ನಾನು ನೆಲ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. "ಯಾ ಅಲ್ಲಾ!" ಎಂದು ನನ್ನ ಕೈ ಹಿಡಿದುಕೊಂಡಳು. "ನನಗೂ ಹಾಗೇ! ದುನಿಯಾದಲ್ಲಿ ನನಗೊಬ್ಬಳಿಗೇ ಅಂತ ಗ್ರಹಿಸಿದ್ದು ನಾನು."

"ನಾನೂ!"

ನಮಗೆ ನಗು ಬಂತು. ಯಾಕೆ ಬಂತು ಅಂತ ಕೇಳಬೇಡಿ. ಬೇರೆ ಹೆಂಗಸರು ತಿರುಗಿ ನೋಡುವಷ್ಟು ನಕ್ಕೆವು. "ನಮ್ಮಲ್ಲಿ ಹೊರಗೆ ಕೂತುಕೊಳ್ಳುದು" ಎಂದೆ. "ನಮ್ಮಲ್ಲಿ ನಮಾಜು ಬಿಡುದು" ಎಂದಳು ಅವಳು. "ಪಡೆದವನಿಗೆ ಎರಡೂ ಗೊತ್ತುಂಟು, ಹೆದರಬೇಡಿ." ಅಷ್ಟು ಹೊತ್ತಿಗೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಮರದ ಅಡಿಯಿಂದ ನಮ್ಮವರು ನನ್ನ ಕಡೆ ನೋಡಿದರು. ನಾನು ಏಳಲಿಲ್ಲ. ಅವರೂ ಕದಲಲಿಲ್ಲ. ನನ್ನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಸುಳ್ಯದ ಬಸ್ಸು ಹೋಯಿತು.

ಡಾಕ್ಟ್ರಮ್ಮ ಮಂಗಳೂರು ಕಡೆಯ ಕ್ರಿಸ್ತಿಯನ್ ಹೆಂಗಸು, ದಪ್ಪ ಕನ್ನಡಕ. ಹೊಟೇಲು, ಇಡ್ಲಿ ಎಂದು ಸುತ್ತಿ ಬಳಸಿ ಹೇಳಿದ ನನ್ನ ಮಾತು ಎರಡು ನಿಮಿಷ ಕೇಳಿ ನೇರವಾಗಿ ಕೇಳಿದರು: "ಗಂಡನ ಜೊತೆ ಸೇರಿದ ಮೇಲೆ ಮಾತ್ರವಾ?" ಇಷ್ಟು ಕಾಲ ಇಷ್ಟು ಜನ ಮದ್ದು ಮಾಡಿದ್ದಾರೆ, ಒಬ್ಬರೂ ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಹೌದೆಂದೆ. ಮೇಜಿನ ಮೇಲೆ ಮಲಗಿಸಿ ನೋಡಿದರು. ನಾಚಿಕೆಯಲ್ಲಿ ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದೆ.

"ಸಿಕ್ಕಿತು ನಿನ್ನ ಕಳ್ಳ!" ಎಂದರು. "ಗರ್ಭಕೋಶದ ಬಾಯಿಯಲ್ಲಿ ಒಂದು ಸಣ್ಣ ಗೆಡ್ಡೆ, ಕೇಪುಳದ ಕೆಂಪು ಹಣ್ಣಿನಷ್ಟು, ಒಂದು ಬಟಾಣಿಯಷ್ಟು. ಮುಟ್ಟಿದರೆ ರಕ್ತ. ತೆಗೆದರೆ ಮುಗಿಯಿತು."

ಕೈ ತೊಳೆಯುತ್ತಾ ಇನ್ನೊಂದು ಕೇಳಿದರು: "ನಿನಗೆ ಸುಖ ಉಂಟಾ? ಅವನಿಗಲ್ಲ ಕೇಳಿದ್ದು, ನಿನಗೆ."

ನನಗೆ ಸುಖ ಉಂಟಾ! ಮದುವೆಯಾದ ಮೇಲೆ ಉಂಡೆಯಾ, ಮಿಂದೆಯಾ, ಬಸುರಾದೆಯಾ ಎಂದು ಕೇಳಿದವರಿದ್ದಾರೆ. ಇದನ್ನು ಕೇಳಿದವರು ಅವರೊಬ್ಬರೇ. "ಮಗು ಆಗುವ ಮೊದಲು ಇತ್ತು ಅಮ್ಮ" ಎಂದೆ, ಅಳು ಬಂದುಬಿಟ್ಟಿತು. "ಈಗ ಹೆದರಿಕೆ ಮಾತ್ರ."

"ಹೆದರಿ ಮಲಗಿದರೆ ಮೈ ಕಟ್ಟಿಗೆ ಆಗ್ತದೆ, ಕಟ್ಟಿಗೆಗೆ ನೋವೇ ಆಗುದು. ಕರಿ ನಿನ್ನ ಗಂಡನನ್ನು."

ನಮ್ಮವರು ಬಂದು ಬಾಗಿಲಿನ ಹತ್ತಿರ ನಿಂತರು, ಶಾಲೆಯಲ್ಲಿ ಪೆಟ್ಟು ತಿನ್ನಲು ನಿಂತವರ ಹಾಗೆ. ಡಾಕ್ಟ್ರಮ್ಮ ಎಲ್ಲ ಹೇಳಿದರು. ಅವರು ಕೇಳಿದ್ದು ಒಂದೇ: "ಹಾಗಾದರೆ... ನನ್ನಿಂದ ಅಲ್ವಾ ಡಾಕ್ಟ್ರೆ?"

"ನಿಮ್ಮಿಂದ ಎಂತ ಆಗುದು ಮಾರಾಯ್ರೆ? ನೀವು ಇಡ್ಲಿ ಮಾಡಿ, ಸಾಕು."

ಅವರು ಗೋಡೆಗೆ ಒರಗಿ ಮುಖ ಒರೆಸಿಕೊಂಡರು. ಆಗ ತಿಳಿಯಿತು ನನಗೆ, ಆ ಬೆಂಚಿನ ಮೇಲೆ ಮಲಗುತ್ತಿದ್ದವರು ಯಾವ ಭಾರ ಹೊತ್ತು ಮಲಗುತ್ತಿದ್ದರು ಎಂದು.

ಅವತ್ತೇ ತೆಗೆದರು. ಆದರೆ ತೆಗೆದದ್ದನ್ನು ಸಣ್ಣ ಕುಪ್ಪಿಯಲ್ಲಿ ಹಾಕಿ, "ಇದು ಒಳ್ಳೆಯ ಜಾತಿಯದ್ದಾ, ಕೆಟ್ಟ ಜಾತಿಯದ್ದಾ ಅಂತ ಮಂಗಳೂರಿನಲ್ಲಿ ನೋಡಬೇಕು" ಎಂದರು. ಕೆಟ್ಟ ಜಾತಿ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಪ್ಪಿ ಕೊಂಡುಹೋದವರು ನಮ್ಮವರೇ. ಮಡಿ ಮೈಲಿಗೆ ಎಂದು ಹೊಟೇಲಿನ ಎಂಜಲು ಬಾಳೆಎಲೆಗೂ ಕೈ ಹಾಕದ ಮನುಷ್ಯ, ಮಂಗಳೂರಿನ ತನಕ ಆ ಕುಪ್ಪಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡು ಹೋದರು. ಪಕ್ಕದವನು "ಎಂತ ಅದು, ತುಪ್ಪವಾ?" ಎಂದು ಕೇಳಿದನಂತೆ. "ಹೌದು, ಚೆಲ್ಲಬಾರದು" ಎಂದರಂತೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಅಪ್ಪನ ಸ್ವರ! ಕಂಡಕ್ಟರು ಗುರ್ತದವನು, ಪೆಟ್ಟಿಗೆಯನ್ನು ಆಲೆಟ್ಟಿಗೆ ಹೋಗುವವರ ಕೈಯಲ್ಲಿ ಮನೆಗೆ ಮುಟ್ಟಿಸಿದ್ದ. "ಪೆಟ್ಟಿಗೆ ಬಂತು, ಮಗಳು ಬರಲಿಲ್ಲ!" ಎಂದು ಅಮ್ಮ ಬೊಬ್ಬೆ ಹಾಕಿದ್ದಾಳೆ, ಅಪ್ಪ ಕೊಡೆ ಹಿಡಿದುಕೊಂಡು ಓಡಿ ಬಂದಿದ್ದಾರೆ. ಕಬಕಕ್ಕೆ ಹೋಗಿ, ಅಲ್ಲಿ ಅತ್ತೆಯನ್ನೂ ಗಾಬರಿ ಮಾಡಿ, ಅವರನ್ನೂ ಗೌರಿಯನ್ನೂ ಕರಕೊಂಡು, ಪುತ್ತೂರಿನ ಬಸ್ಸಿನವರಲ್ಲಿ ಕೇಳುತ್ತಾ ಆಸ್ಪತ್ರೆಗೇ ಬಂದಿದ್ದರು. ಮನೆಗೆ ಸುದ್ದಿ ಹೇಳಿ ಕಳಿಸುವುದು ನಮಗಿಬ್ಬರಿಗೂ ನೆನಪೇ ಆಗಿರಲಿಲ್ಲ ನೋಡಿ!

ಅತ್ತೆ ಗೇಟಿನಲ್ಲೇ ನಿಂತರು. ಆಸ್ಪತ್ರೆಯ ಒಳಗೆ ಅವರು ಜನ್ಮದಲ್ಲಿ ಕಾಲಿಟ್ಟವರಲ್ಲ. ಡಾಕ್ಟ್ರಮ್ಮನೇ ಹೊರಗೆ ಹೋದರು.

"ಅಜ್ಜೀ, ನಿಮ್ಮ ಸೊಸೆಗೆ ದೋಷ ಇಲ್ಲ, ಮಗನಿಗೂ ಇಲ್ಲ. ಕೈಮೇಲೆ ನರೂಲಿ ಬರುದಿಲ್ವಾ? ಅಂಥದ್ದು ಒಳಗೆ ಬಂದದ್ದು."

"ನರೂಲಿಯಾ?" ಅತ್ತೆಯ ಬಾಯಿ ತೆರೆದೇ ಉಳಿಯಿತು. "ಒಂದು ನರೂಲಿಗೆ ನಾನು ಇವಳನ್ನು ತವರಿಗೆ ಅಟ್ಟಿದ್ದಾ?" ಎಂದವರೇ ಗೇಟು ದಾಟಿ, ಸರಸರ ನಡೆದು, ನನ್ನ ಮಂಚದ ಮೇಲೆಯೇ ಕೂತರು. ರಕ್ತ ಇನ್ನೂ ನಿಂತಿರಲಿಲ್ಲ. ನಾನು "ಅತ್ತೆ, ಮೈಲಿಗೆ..." ಎಂದೆ. "ಮಿಂದರೆ ಹೋಗ್ತದೆ, ಸುಮ್ಮನಿರು" ಎಂದು ನನ್ನ ತಲೆ ಸವರಿದರು. ಗೌರಿ ಬಾಗಿಲಲ್ಲಿ ನಿಂತು, "ಮುಟ್ಟಬಹುದಾ?" ಎಂದು ಕೇಳಿದಳು. ಈ ಸಲ ಉತ್ತರ ಕೊಟ್ಟದ್ದು ಅತ್ತೆ: "ಮುಟ್ಟು ಮಗಾ, ಹೋಗಿ ಅಪ್ಪಿಕೊ."

ಮಂಗಳೂರಿನ ಉತ್ತರಕ್ಕೆ ಕಾದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಗೆ ಬಂದಿದ್ದೆ. ಗೌರಿಯ ತಲೆ ಬಾಚುವಾಗ, ಇನ್ನು ಎಷ್ಟು ಸಲ ಬಾಚುತ್ತೇನೋ ಎಂದು ಕೈ ನಿಲ್ಲುತ್ತಿತ್ತು. ಉತ್ತರ ತರಲು ಹೋದ ನಮ್ಮವರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿ, ಚಪ್ಪಲಿ ಒಂದು ಅಲ್ಲೇ ಬಿಟ್ಟು, ಗಿರಾಕಿಗಳ ನಡುವಿನಿಂದ ಓಡಿ ಬಂದು ಅಡಿಗೆಮನೆಯಲ್ಲಿ ಕೂಗಿದರು: "ಒಳ್ಳೆಯ ಜಾತಿ! ಶಾರದಾ, ಒಳ್ಳೆಯ ಜಾತಿ!" ಹೊರಗೆ ಕೂತಿದ್ದ ಮೇಷ್ಟ್ರು ಒಬ್ಬರು, ಗೌರಿಗೆ ಇಷ್ಟು ಬೇಗ ಗಂಡು ನೋಡಿದರಾ ಎಂದು ಕೇಳಿದರಂತೆ!

ಅಲ್ಲಿಗೆ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ. ಗೆಡ್ಡೆ ಹೋಯಿತು, ಹೆದರಿಕೆ ಹೋಗಲಿಲ್ಲ. ಸೇರಬಾರದೆಂದು ಡಾಕ್ಟ್ರಮ್ಮ ಹೇಳಿದ ಗಡುವು ಮುಗಿದರೂ ನಮ್ಮವರು ನನ್ನ ಕೈ ಹಿಡಿಯುವುದು ಬಿಸಿ ಪಾತ್ರೆ ಹಿಡಿದ ಹಾಗೆ. ನನ್ನ ಮೈ ಕಟ್ಟಿಗೆ. ಆದರೆ ಈಗ ಒಂದು ವ್ಯತ್ಯಾಸ: ಮಾತಾಡುತ್ತಿದ್ದೆವು. ಹೊಟೇಲು ಖಾಲಿಯಾದ ಮಧ್ಯಾಹ್ನಗಳಲ್ಲಿ ಜೊತೆಗೆ ಕೂತು ಉದ್ದು ಆರಿಸುತ್ತಾ ಹೇಳಿಕೊಂಡೆವು. ಅವರು ಡ್ರೈವರನ ತಮಾಷೆಯ ವಿಷಯ ಹೇಳಿದ್ದು ಆಗಲೇ. ನಾನು, "ನಿಮಗೆ ನಾನು ಬೇಡವಾದೆ ಅಂತ ಗ್ರಹಿಸಿದ್ದೆ" ಎಂದೆ. "ಬೇಡವಾದವನು ಬೆಂಚಿನಲ್ಲಿ ಮಲಗಿ ಸೊಂಟ ಮುರ್ಕೊಳ್ತಾನಾ?" ಎಂದರು. ಎಷ್ಟೋ ಕಾಲದ ಮೇಲೆ ಅವರು ಮಾಡಿದ ಮೊದಲ ತಮಾಷೆ. ಕೈಯಲ್ಲಿದ್ದ ಉದ್ದೆಲ್ಲ ಚೆಲ್ಲಿತು.

ಅತ್ತೆಯ ಬುದ್ಧಿ ನೋಡಿ. ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಒಳ್ಳೆಯ ಸೀರೆ ಉಟ್ಟು, ಗೌರಿಗೆ ಬಳೆ ಹಾಕಿ, "ನಾವು ಪುತ್ತೂರಿಗೆ, ದೇವಸ್ಥಾನಕ್ಕೆ ಹೋಗಿ ಬರ್ತೇವೆ. ಕತ್ತಲೆ ಆಗ್ತದೆ ಬರುವಾಗ. ನಾಳೆಯ ಹಿಟ್ಟು ಆಗಲೇ ಕಡೆದು ಇಟ್ಟಿದ್ದೇನೆ" ಎಂದರು.

"ಭುಜ ನೋವಲ್ವಾ ಅತ್ತೆ? ನಾನು ಕಡೆಯುತ್ತಿದ್ದೆನಲ್ಲ."

"ಒಂದು ದಿನ ಇಡ್ಲಿ ಗಟ್ಟಿಯಾದರೆ ಊರು ಮುಳುಗುದಿಲ್ಲ" ಎಂದು, ನನ್ನ ಮುಖ ನೋಡದೆ, ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಆ ಮಧ್ಯಾಹ್ನದ ಬಗ್ಗೆ ಇಷ್ಟು ಮಾತ್ರ ಹೇಳುತ್ತೇನೆ. ಅವಸರ ಇರಲಿಲ್ಲ. ಅವರು ಕೇಳಿದರು, ನಾನು ಹೇಳಿದೆ. ನೋವಿಲ್ಲ ಎಂದು ನನಗೇ ನಂಬಿಕೆಯಾಗುವ ಹೊತ್ತಿಗೆ, ಡಾಕ್ಟ್ರಮ್ಮ ಕೇಳಿದ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇತ್ತು. ಗಂಡ ಹೆಂಡಿರಿಗೆ ದೇವರು ಕೊಟ್ಟ ಪ್ರಸಾದ ಅದು. ಪ್ರಸಾದ ಅಂದ ಮೇಲೆ ಇಬ್ಬರ ಕೈಗೂ ಬೀಳಬೇಕು.

ಮರುದಿನ ಬೆಳಿಗ್ಗೆ ಎದ್ದವಳು ಬಚ್ಚಲಿಗೆ ಓಡಿದೆ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಒಂದು ಚುಕ್ಕೆ ಇಲ್ಲ! ಮಿಂದೆ. ಹಿತ್ತಿಲ ಜಗಲಿಯಿಂದಲೇ ಬರಬೇಕಲ್ಲ, ಬರುವಾಗ ನೋಡುತ್ತೇನೆ, ಅತ್ತೆ ಆಗಲೇ ಚಾಪೆ, ತಟ್ಟೆ, ಲೋಟ ತಂದಿಟ್ಟಿದ್ದರು. ಪಾಪ, ಕೇಳಲಾರದೆ ಇಟ್ಟದ್ದು. ನಾನು ಅದನ್ನು ದಾಟಿ ಒಳಗೆ ಹೋದೆ. ದೇವರ ಕೋಣೆಯಲ್ಲಿ ಕೂತು ಬತ್ತಿ ಹೊಸೆದು ದೀಪ ಹಚ್ಚಿದೆ. ಎರಡು ಕಡ್ಡಿ ಬೇಕಾಯಿತು.

ಹಿಂದಿನಿಂದ ಅತ್ತೆಯ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ನಿಂತರು. ನಾನು ತಿರುಗಲಿಲ್ಲ. ಆಮೇಲೆ, "ಎಣ್ಣೆ ಉಂಟಾ ದೀಪದಲ್ಲಿ?" ಎಂದರು.

"ಉಂಟು ಅತ್ತೆ."

"ಇರಲಿ, ಇನ್ನೂ ಸ್ವಲ್ಪ ಹಾಕುವ" ಎಂದು ಬಂದು, ತುಂಬಿದ ದೀಪಕ್ಕೇ ಎಣ್ಣೆ ಸುರಿದರು. ಚೆಲ್ಲಿ ನೆಲಕ್ಕೆಲ್ಲ ಹರಿಯಿತು. ಇಬ್ಬರೂ ಒರೆಸಿದೆವು. ಆಮೇಲೆ ಹೊರಗೆ ಅತ್ತೆ ಆ ತಟ್ಟೆಯನ್ನೂ ಲೋಟವನ್ನೂ ಬೂದಿ ಹಾಕಿ ತಿಕ್ಕುವ ಶಬ್ದ, ಜೊತೆಗೆ ಮೆಲ್ಲಗೆ ಒಂದು ದೇವರ ಹಾಡು.

ಹೊಟೇಲಿನಿಂದ ಆ ಡ್ರೈವರನ ಬೊಬ್ಬೆ ಕೇಳಿಸಿತು: "ಎಂತ ಭಟ್ರೆ, ಇವತ್ತು ಇಡ್ಲಿ ಪುನಃ ಗಟ್ಟಿ!"

ನಮ್ಮವರು ಈಚೆ ಗೋಡೆಯ ತನಕ ಕೇಳುವ ಹಾಗೆ, ನನಗೇ ಎಂದು ಹೇಳಿದರು: "ಗಟ್ಟಿಯಾದರೆ ಗಟ್ಟಿ ಮಾರಾಯ್ರೆ! ಇವತ್ತು ಎಷ್ಟು ಬೇಕಾದರೂ ತಿನ್ನಿ!"